ಒಂಬತ್ತು ಎಡಚರು, ಒಂದು ಗುಡ್ಡೆ ಬಾಡು

ಒಂಬತ್ತು ಜನರನ್ನು ಆರಿಸು ಅಂದರೆ ಒಂಬತ್ತೂ ಎಡಚರನ್ನೇ ಆರಿಸಿದ ಮಹಾನುಭಾವ ನಾನು. ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಒಪ್ಪಿಕೊಳ್ಳುವುದು ಮರ್ಯಾದೆ, ಅದು ಇನ್ನೂ ಉಳಿದಿದ್ದರೆ. ಅಂದ ಹಾಗೆ ನನಗೂ ಎಡಗೈಗೂ ಅಂಥ ನೆಂಟಸ್ತಿಕೆಯೇನಿಲ್ಲ. ನನ್ನ ಎಡಗೈ ಇರುವುದು ಮೊಬೈಲ್ ಹಿಡಿದುಕೊಳ್ಳುವುದಕ್ಕೆ ಮತ್ತು ಬಲಗೈ ಕೆರೆದುಕೊಳ್ಳುವುದಕ್ಕೆ. ಲಾರಿಯವರಿಗೆ ದಾರಿ ಹೇಳುವಾಗಲೂ ಗಡಿಯಾರ ಯಾವ ಕೈಯಲ್ಲಿದೆ ಅಂತ ನೋಡಿಯೇ ಎಡ ಬಲ ಹೇಳುವವನು. ಒಂದು ದಿನ ಗಡಿಯಾರ ಮನೆಯಲ್ಲಿ ಮರೆತು ಬಂದಿದ್ದೆ. ಗುಲಾಬಿ ಹೂವಿನ ಲಾರಿ ಗೋಡೌನ್ ಬಿಟ್ಟು ಕ್ಯಾಂಟೀನಿನ ಬಾಗಿಲಿಗೆ ಹೋಗಿ ನಿಂತಿತ್ತು.

ನಮ್ಮದು ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಐದು ಜನರ ಒಂದು ಪುಟ್ಟ ಕೋಣೆ. ಐವರೂ ಸುತ್ತಮುತ್ತಲಿನವರೇ. ನಾನು ರಾಜಘಟ್ಟದ ಪಕ್ಕದ ಹಳ್ಳಿಯವನು. ವರ್ಷವೆಲ್ಲ ಅಣ್ಣತಮ್ಮಂದಿರಂತಿರುವ ನಾವು ಯುಗಾದಿ ಹತ್ತಿರ ಬಂದ ಕೂಡಲೇ ದಾಯಾದಿಗಳಾಗುತ್ತೇವೆ. ಕಾರಣ ಯುಗಾದಿಯಲ್ಲ, ಅದರ ಮಾರನೆಯ ದಿನದ ಹೊಸತೊಡಕು. ಅವತ್ತು ನಮ್ಮೂರಲ್ಲಿ ಕೋಳಿ ಕೂಗುವ ಮೊದಲೇ ಕುರಿ ಕುಯ್ದು, ಬಾಳೆ ಎಲೆಯ ಮೇಲೆ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಾರೆ. ತೊಡೆ, ಪಕ್ಕೆ, ಈಲಿ, ಮೂಳೆ, ಎಲ್ಲವೂ ಎಲ್ಲ ಗುಡ್ಡೆಗೂ ಸಮ. ಆದರೆ ವಿಮಾನಕ್ಕೆ ಹೊಸತೊಡಕು ಗೊತ್ತಿಲ್ಲವಲ್ಲ! ಆ ದಿನ ಐವರಲ್ಲಿ ಒಬ್ಬರು ಡ್ಯೂಟಿಗೆ ಬರಲೇಬೇಕು. ಹಿಂದಿನ ವರ್ಷ ಈ ಜಗಳದಲ್ಲಿ ಎರಡು ಕುರ್ಚಿಯ ಕೈ ಮುರಿದಿದ್ದರಿಂದ ಈ ಸಲ ಸೀನ ಒಂದು ಉಪಾಯ ತಂದ. ಅವನ ಲ್ಯಾಪ್‌ಟಾಪಿನಲ್ಲಿ ಒಂದು ಬೇಸ್‌ಬಾಲ್ ಆಟವಿತ್ತು. ನಾವು ಆಡಬೇಕಾಗಿಲ್ಲ. ಆಟಗಾರರನ್ನು ಆರಿಸಿ, ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳಿದರೆ ಸಾಕು, ಪಂದ್ಯವನ್ನು ಕಂಪ್ಯೂಟರೇ ಆಡಿ ಫಲಿತಾಂಶ ಒಪ್ಪಿಸುತ್ತದೆ. ಮೂರು ವಾರ ಊಟದ ಬಿಡುವಿನಲ್ಲಿ ಪಂದ್ಯ. ಕೊನೆಗೆ ಕಡೇ ಸ್ಥಾನದಲ್ಲಿ ಉಳಿದವರಿಗೆ ಹೊಸತೊಡಕಿನ ಡ್ಯೂಟಿ.

ಬೇಸ್‌ಬಾಲ್ ಅಂದರೆ ನಮಗೆ ಅಷ್ಟಕ್ಕಷ್ಟೆ. ಆದರೆ ಆಟದ ಸಹಾಯ ಪುಟ ಓದಿದವನು ಐವರಲ್ಲಿ ನಾನೊಬ್ಬನೇ. ಅದರಲ್ಲಿತ್ತು: ಬಲಗೈಯಲ್ಲಿ ಎಸೆಯುವ ಪಿಚರ್‌ನ ಚೆಂಡು ಎಡಗೈ ಬ್ಯಾಟುಗಾರನಿಗೆ ಚೆನ್ನಾಗಿ ಕಾಣುತ್ತದೆ, ಚೆನ್ನಾಗಿ ಬಾರಿಸುತ್ತಾನೆ. ಎಲ್ಲರ ತಂಡದಲ್ಲೂ ಬಲಗೈ ಪಿಚರ್‌ಗಳೇ. ಒಬ್ಬ ಎಡಚನಿಂದ ಇಷ್ಟು ಲಾಭವಾದರೆ ಒಂಬತ್ತು ಎಡಚರಿಂದ ಎಷ್ಟಾಗಬೇಡ? ಅದರ ಕೆಳಗೆ ಇನ್ನೂ ಒಂದು ಸಾಲು ಇತ್ತಂತೆ. ಅದಕ್ಕೆ ಪುಟ ಸರಿಸಬೇಕಿತ್ತು. ನಾನು ಸರಿಸಲಿಲ್ಲ.

ಇನ್ನು ಗಿರಿಜಕ್ಕ. ನಮ್ಮ ಕೋಣೆಯ ಹಿರಿಯರು, ಅನುಗೊಂಡನಹಳ್ಳಿ ಕಡೆಯ ಬೇಸಾಯದ ಮನೆಯ ಮಗಳು, ದೇವನಹಳ್ಳಿಯ ಸೊಸೆ. ಅವರು ಹುಟ್ಟಾ ಎಡಚಿ. ಎಡಗೈಯಲ್ಲಿ ಬರೆಯುವುದನ್ನು ನೋಡುತ್ತಿದ್ದರೆ ಅಕ್ಷರಗಳೇ ಎದುರು ಬಂದು ನಿಂತುಕೊಳ್ಳುತ್ತಿವೆಯೇನೋ ಅನ್ನಿಸುತ್ತದೆ. ಮೊದಲ ದಿನ ಅವರು ಪರದೆ ನೋಡಿ, "ಚಂದ್ರು, ಹೆಸರಿನ ಮುಂದೆ ಕೈ ಗುರುತು ಎರಡೆರಡು ಯಾಕೋ ಹಾಕವ್ರೆ?" ಅಂದರು.

"ಒಂದು ಸಾಕಾಗಲ್ಲ ಅಂತ ಇನ್ನೊಂದು ಹಾಕಿರ್ತಾರೆ ಬಿಡಕ್ಕ," ಅಂದೆ ನಾನು, ಪಂಡಿತ.

ಮೊದಲ ವಾರ ನನ್ನ ಎಡಚರು ಎಲ್ಲರನ್ನೂ ಚಚ್ಚಿ ಹಾಕಿದರು. ಗಿರಿಜಕ್ಕ ಸೋಲುತ್ತಲೇ ಇದ್ದರು. ಇವತ್ತು ಒಬ್ಬನನ್ನು ಇಲ್ಲಿ ನಿಲ್ಲಿಸುವುದು, ನಾಳೆ ಅಲ್ಲಿ. ಸೋತಾಗಲೆಲ್ಲ ಲೆಡ್ಜರ್ ಹಾಳೆಯ ಹಿಂದೆ ಏನೋ ಬರೆದುಕೊಳ್ಳುವುದು. ನಾನು ಕನಿಕರದಿಂದ, "ಅಕ್ಕ, ಬೇಕಾದ್ರೆ ನಿಮ್ಗೂ ನಾನೇ ಟೀಮ್ ಮಾಡ್ಕೊಡ್ತೀನಿ" ಅಂದೆ. ಅವರು, "ಇರ್ಲಿ ಕಣಪ್ಪ, ಕಲಿಯೋ ತನಕ ಸೋಲಾನ" ಅಂದರು. ನಾನು ಮನೆಗೆ ಹೋಗಿ ಅಮ್ಮನಿಗೆ, "ಒಂದು ಗುಡ್ಡೆ ಜಾಸ್ತಿ ಹೇಳಮ್ಮ" ಅಂದುಬಿಟ್ಟೆ.

ಎರಡನೇ ವಾರ ಸೀನನ ತಂಡದಲ್ಲಿ ಒಬ್ಬ ಎಡಗೈ ಪಿಚರ್ ಪ್ರತ್ಯಕ್ಷನಾದ. ಆಮೇಲೆ ಉಳಿದಿಬ್ಬರ ತಂಡದಲ್ಲೂ. ನಾನು ಓದದೆ ಬಿಟ್ಟ ಸಾಲು ಅದೇ: ಎಡಗೈ ಪಿಚರ್ ಎದುರು ಅದೇ ಎಡಗೈ ಬ್ಯಾಟುಗಾರ ತಡಬಡಾಯಿಸುತ್ತಾನೆ. ನನ್ನವರು ಒಬ್ಬರಾದರೆ ಸೈ, ಒಂಬತ್ತೂ ಜನ ಒಟ್ಟಿಗೆ ತಡಬಡಾಯಿಸಿದರು. "ಏನ್ ಗುರು, ನಿನ್ ಹುಡುಗ್ರು ನೊಣ ಹೊಡೀತಾವ್ರಾ?" ಅಂತ ಸೀನ ಕೇಳಿದ. ತಂಡ ಬದಲಿಸಬಹುದಿತ್ತು. ಆದರೆ ಅಷ್ಟು ಪಾಠ ಹೇಳಿದ ಮೇಲೆ ಯಾವ ಮುಖ ಇಟ್ಟುಕೊಂಡು ಬದಲಿಸಲಿ? ಯುಗಾದಿಗೆ ಎರಡು ದಿನ ಇರುವಾಗ ಲೆಕ್ಕ ನೋಡಿದರೆ ಕಡೇ ಸ್ಥಾನದಲ್ಲಿ ಸಮಸಮ ನಿಂತವರು ಇಬ್ಬರು. ನಾನು ಮತ್ತು ಗಿರಿಜಕ್ಕ. ಉಳಿದದ್ದು ನಮ್ಮಿಬ್ಬರದೇ ಪಂದ್ಯ.

ಅವತ್ತು ಬೆಳಿಗ್ಗೆ ಅಮ್ಮನ ಫೋನು. "ಎರಡು ಗುಡ್ಡೆ ಹೇಳಿವ್ನಿ. ಬರ್ತೀಯ ತಾನೇ?"

"ಬರ್ದೇ ಇರ್ತೀನಾ?" ಅಂದೆ.

ಗಿರಿಜಕ್ಕ ಬಲಗೈ ಪಿಚರ್‌ನನ್ನೇ ಇಳಿಸಿದಾಗ ನನಗೆ ಜೀವ ಬಂತು. ಒಂಬತ್ತರಲ್ಲಿ ಆರು ಸರದಿ ಮುಗಿಯುವ ಹೊತ್ತಿಗೆ ನನಗೆ ಮೂರು ಓಟ, ಅವರಿಗೆ ಸೊನ್ನೆ. ಮೂಗಿಗೆ ಆಗಲೇ ಮಸಾಲೆ ವಾಸನೆ ಬಡಿಯುತ್ತಿತ್ತು. ಆಗ ಅವರು ಪಿಚರ್ ಬದಲಿಸಿ, ಅಲ್ಲಿಯತನಕ ಕೂರಿಸಿಟ್ಟಿದ್ದ ಎಡಗೈಯವನನ್ನು ಕರೆದರು. ನನ್ನವರು ಬಂದರು, ಬೀಸಿದರು, ಹೋದರು. ಅವರ ಬ್ಯಾಟುಗಾರರೋ ಒಬ್ಬ ಎಡ, ಒಬ್ಬ ಬಲ, ಮತ್ತೆ ಎಡ, ಮತ್ತೆ ಬಲ. ನನ್ನ ಪಿಚರ್‌ಗೆ ಒಬ್ಬನ ಅಳತೆ ಸಿಗುವಷ್ಟರಲ್ಲಿ ಇನ್ನೊಂದು ಮಗ್ಗುಲಿನವನು ಬಂದು ನಿಂತಿರುತ್ತಿದ್ದ. ಕೊನೆಯ ಸರದಿಯಲ್ಲಿ ಮೂರು ಮೂರು ಆಯಿತು. ಚೆಂಡು ನನ್ನ ಮೂರನೇ ಬೇಸಿನವನ ಕೈಗೇ ಬಂತು. ಬ್ಯಾಟುಗಾರ ಓಡಿ ಮುಟ್ಟುವ ಮೊದಲು ಮೊದಲನೇ ಬೇಸಿಗೆ ಎಸೆದರೆ ಅವನು ಔಟ್, ಅವರ ಸರದಿ ಮುಗಿಯಿತು. ಅವನು ಎಡಚ; ಎಸೆಯಬೇಕಾದರೆ ಇಡೀ ಮೈ ತಿರುಗಿಸಬೇಕು. ಅವನು ತಿರುಗುವಷ್ಟರಲ್ಲಿ ಗಿರಿಜಕ್ಕನ ನಾಲ್ಕನೇ ಓಟ ಬಂತು, ನನ್ನ ಎರಡು ಗುಡ್ಡೆಯೂ ಹೋಯಿತು.

"ಈಗ ತಿಳೀತಾ ಕೈ ಗುರುತು ಎರಡೆರಡು ಯಾಕೆ ಅಂತ?" ಗಿರಿಜಕ್ಕ ಕೇಳಿದರು. "ಒಂದು ಬಾರಿಸೋ ಕೈ, ಒಂದು ಎಸೆಯೋ ಕೈ. ರಾಗಿ ಕುಯ್ಯೋವಾಗ ನಮ್ಮತ್ತೆ ನನ್ನನ್ನ ಸಾಲಿನ ಎಡಗಡೆ ಕೊನೇಲೇ ನಿಲ್ಲಿಸೋರು ಕಣೋ. ಎಡಚೀನ ಮಧ್ಯ ನಿಲ್ಸಿದ್ರೆ ನನ್ ಕುಡುಗೋಲೂ ಪಕ್ಕದೋಳ ಕುಡುಗೋಲೂ ಒಂದಕ್ಕೊಂದು ತಾಗಿ ಬೆರಳು ಹೋಗ್ತವೆ. ಕೊನೇಲಿ ನಿಲ್ಸಿದ್ರೆ ಎಲ್ರಿಗಿಂತ ಮುಂದೆ ಕುಯ್ಕೊಂಡು ಹೋಗ್ತಿದ್ದೆ. ಎಡಗೈ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದಕ್ಕೊಂದು ಜಾಗ ಐತೆ, ಅಷ್ಟೆ."

ಅವರಿಗೆಂದೇ ಹಲ್ಲು ತಿರುಗಿಸಿ ಹಾಕಿಸಿ ಕಮ್ಮಾರನ ಹತ್ತಿರ ಕುಡುಗೋಲು ಮಾಡಿಸಿಕೊಟ್ಟಿದ್ದರಂತೆ ಆ ಅತ್ತೆ. ಬೇಸ್‌ಬಾಲ್ ಅನ್ನುವ ಶಬ್ದವನ್ನೇ ಕೇಳದ ಆ ಹೆಣ್ಣುಮಗಳು ನಮ್ಮ ಸೀನನ ಲ್ಯಾಪ್‌ಟಾಪಿಗಿಂತ ಚೆನ್ನಾಗಿ ತಂಡ ಕಟ್ಟುತ್ತಿದ್ದರು. ಅವರ ಸೊಸೆಯ ಎದುರು ಸೋತೆನಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆಯೇ ಆಯಿತು. ಆದರೆ ಹೆಮ್ಮೆಯನ್ನು ಮುದ್ದೆಗೆ ನೆಂಚಿಕೊಳ್ಳುವುದಕ್ಕೆ ಆಗುವುದಿಲ್ಲ.

ಹೊಸತೊಡಕಿನ ದಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದೆ. ಸೀನ ಹತ್ತು ನಿಮಿಷಕ್ಕೊಂದು ಪಾತ್ರೆಯ ಫೋಟೋ ಕಳಿಸುತ್ತಿದ್ದ. ಮಧ್ಯಾಹ್ನ ಬ್ಯಾಗಿನಲ್ಲಿದ್ದ ನಿನ್ನೆಯ ಒಬ್ಬಟ್ಟನ್ನು ದಿಟ್ಟಿಸುತ್ತಿದ್ದಾಗ ಬಾಗಿಲು ತೆರೆಯಿತು. ಗಿರಿಜಕ್ಕ, ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರ್. ಬಾಡಿನ ಸಾರು, ಬಿಸಿ ಮುದ್ದೆ, ಮೇಲಿನ ಡಬ್ಬಿಯಲ್ಲಿ ಬರೀ ಮೂಳೆ. ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ, ಬಾಯಿ ಖಾಲಿ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದರೆ ಅವರು ನನ್ನ ಎರಡು ಕೈಯನ್ನೂ ನೋಡಿ ನಗುತ್ತಿದ್ದರು. ಬಲಗೈ ಮುದ್ದೆಯಲ್ಲಿ ಮುಳುಗಿತ್ತು. ಎಡಗೈ ತನ್ನಷ್ಟಕ್ಕೆ ತಾನೇ ಒಂದು ನಲ್ಲಿಮೂಳೆ ಹಿಡಿದುಕೊಂಡು ಬಾಯಿಗೆ ಇಟ್ಟಿತ್ತು.

"ಚಿಕ್ಕೋಳಿದ್ದಾಗ ಎಡಗೈ ತಟ್ಟೆಗೆ ಹಾಕಿದ್ರೆ ನಮ್ಮವ್ವ ಸೌಟಲ್ಲಿ ಬಾರಿಸೋಳು," ಅಂದರು ಗಿರಿಜಕ್ಕ. "ನಿಂಗೆ ಬಾರಿಸಲ್ಲ ಬಿಡು, ತಿನ್ನು. ಬಲಗೈಲಿ ಮುದ್ದೆ, ಎಡಗೈಲಿ ಮೂಳೆ, ಎಷ್ಟು ಚೆನ್ನಾಗಿ ಹೊಂದಿಸ್ಕೊಂಡಿದೀಯ! ಇದೇ ಬುದ್ಧಿ ಟೀಮ್ ಮಾಡೋವಾಗ ಇದ್ದಿದ್ರೆ ಈ ಹೊತ್ತಿಗೆ ನಿಮ್ಮಮ್ಮನ ಮುಂದೆ ಕೂತು ತಿಂತಿದ್ದೆ ಕಣೋ."