ಮಂಡ್ಯದವರಿಗೆ ಲಾ ಕಲಿಸ್ತಾರಂತೆ!

ನಲವತ್ತು ದಾಟಿದ ಹೆಂಗಸು ಕಾಲೇಜಿಗೆ ಹೊರಟರೆ ನಗು ಹುಡುಕಿಕೊಂಡು ಹೋಗಬೇಕಿಲ್ಲ, ತಾನಾಗಿಯೇ ಬಸ್ ಸ್ಟಾಪಿಗೆ ಬಂದು ಕಾಯುತ್ತಿರುತ್ತದೆ. ಕೊತ್ತತ್ತಿಯಿಂದ ಮಂಡ್ಯಕ್ಕೆ ಓಡಾಡಿ ವಕೀಲೆಯಾದ ನನಗೆ ಹೀಗೆ ಒಂದಲ್ಲ ಒಂದು ಆಗುತ್ತಲೇ ಇತ್ತು. ಜೊತೆಗೆ ನಮ್ಮತ್ತೆ ಇದ್ದರಂತೂ ಕೇಳುವುದೇ ಬೇಡ.

ಮೂರು ವರ್ಷದ ಓದು

ಮದ್ದೂರಿನ ಹತ್ತಿರ ನಮ್ಮ ಯಜಮಾನರ ಪಾಲಿಗೆ ಬಂದ ಒಂದು ಗದ್ದೆಗೆ ಬದುವಿನ ತಕರಾರಿತ್ತು. ಇಬ್ಬರೂ ಅಲ್ಲಿನ ವಕೀಲರೊಬ್ಬರ ಹತ್ತಿರ ಹೋದೆವು. ನಾನೊಂದು ಪ್ರಶ್ನೆ ಕೇಳಿದ್ದಕ್ಕೆ ಅವರು ನನ್ನ ಕಡೆ ತಿರುಗಿಯೂ ನೋಡದೆ, "ಹೆಂಗಸರಿಗೆ ಇದೆಲ್ಲ ತಿಳಿಯಲ್ಲ, ನೀವು ಹೇಳಿ" ಅಂತ ನಮ್ಮ ಯಜಮಾನರಿಗೆ ಅಂದರು. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ, "ನಾನು ಲಾ ಓದ್ತೀನಿ" ಅಂದೆ.

ಅತ್ತೆ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟರು.

"ಮಂಡ್ಯದವರಿಗೆ ಲಾ ಕಲಿಸ್ತಾರಂತಾ? ಉಟ್ಟಿದ್ ಮಗೀಗೂ ಬತ್ತದಲ್ಲವ್ವಾ ಅದು! ಇಲ್ನೋಡು" ಅಂತ ಜಗಲಿಯ ಮೇಲಿದ್ದ ಮಗನ ಕಡೆ ತಿರುಗಿದರು. "ಬಾರ್ಲಾ. ಓಗ್ಲಾ. ಕೂತ್ಕಳ್ಲಾ. ಆಯ್ತಲ್ಲ? ಇದ್ಕೆ ಮೂರ್ ವರ್ಸ ಬೇಕಾ?"

ನಮ್ಮ ಯಜಮಾನರು ಪಾಪ, ಬಂದು, ಹೋಗಿ, ಕೂತಿದ್ದರು.

ಕಡ್ಡಿಯಂಥ ಹುಡುಗಿ

ಅದು ವಕೀಲರಾಗುವ ಓದು ಅಂತ ತಿಳಿದ ಮೇಲೆ ಅತ್ತೆಗೆ ನನಗಿಂತ ಹೆಚ್ಚು ಉತ್ಸಾಹ. ಮದುವೆಗೆ ಮೊದಲು ನಾನು ಬಿ.ಎ. ಮುಗಿಸಿದ್ದ ಮಳವಳ್ಳಿಯ ಕಾಲೇಜಿನಿಂದ ಟಿ.ಸಿ. ತರಬೇಕಿತ್ತು. ಸೇರುವುದಕ್ಕೆ ಮರುದಿನವೇ ಕೊನೆ. "ನಾನೂ ಬತ್ತೀನಿ" ಅಂತ ಅತ್ತೆ ಹೊರಟೇಬಿಟ್ಟರು.

ಅಲ್ಲಿನ ಗುಮಾಸ್ತರು ಹಳೆಯ ಫೋಟೊ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೊ ನೋಡಿದರು.

"ಇದರಲ್ಲಿರೋ ಹುಡುಗಿ ಕಡ್ಡಿ ಥರ ಇದಾಳೆ. ಅದು ನೀವೇ ಅನ್ನೋಕೆ ಸಾಕ್ಷಿ ಬೇಕಲ್ಲ ಮೇಡಂ?"

ಅತ್ತೆ ಮುಂದೆ ಬಂದರು.

"ನಾನೇ ಸಾಕ್ಸಿ, ಬರ್ಕೊ. ಆ ಕಡ್ಡೀನ ನೋಡಿ ಒಪ್ಪಿ ಮನೆ ತುಂಬಿಸ್ಕೊಂಡೋಳು ನಾನು. ಇಪ್ಪತ್ ವರ್ಸ ಮುದ್ದೆ ಇಕ್ಕಿ ಇಷ್ಟು ಮಾಡಿವ್ನಿ. ತಿರ್ಗಾ ಕಡ್ಡಿ ಮಾಡಿ ತೋರ್ಸು ಅಂದ್ರೆ ನನ್ ಕೈಲಾಗಕ್ಕಿಲ್ಲ ಕಣಪ್ಪ!"

ಗುಮಾಸ್ತರು ನಗುತ್ತಲೇ ಮೊಹರು ಒತ್ತಿದರು.

ಮೊದಲ ಪಾಠ

ಕಾಲೇಜಿನ ಮೊದಲ ದಿನ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಕನ್ನಡಕ ಹಾಕಿಕೊಂಡು ಹೋದೆ. ನಾನು ಒಳಗೆ ಕಾಲಿಟ್ಟಿದ್ದೇ ತಡ, ಇಡೀ ತರಗತಿ ಎದ್ದು ನಿಂತು, "ಗುಡ್ ಮಾರ್ನಿಂಗ್ ಮೇಡಂ" ಅಂದಿತು. ನಾನೂ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂದುಬಿಟ್ಟೆ. ಅಷ್ಟರಲ್ಲಿ ನಿಜವಾದ ಮೇಷ್ಟರು ಬಾಗಿಲಿಗೆ ಬಂದರು. ಚಿಕ್ಕ ವಯಸ್ಸು, ಅವರಿಗೂ ಅದು ಕೆಲಸದ ಮೊದಲ ದಿನ. ನನ್ನನ್ನು ನೋಡಿದವರೇ, "ಸಾರಿ ಮೇಡಂ, ನಿಮ್ಮ ಕ್ಲಾಸು ಅಂತ ಗೊತ್ತಾಗ್ಲಿಲ್ಲ" ಅಂತ ಹೊರಟುಹೋದರು.

ನಾನು ಹಿಂದೆಯೇ ಓಡಿದೆ. "ಸಾರ್, ಸಾರ್, ನಾನು ನಿಮ್ಮ ಸ್ಟೂಡೆಂಟು!"

ಅವರು ಕೈಮುಗಿದರು. "ತಮಾಷೆ ಮಾಡಬೇಡಿ ಮೇಡಂ. ನಾನಿನ್ನೂ ಪರ್ಮನೆಂಟ್ ಆಗಿಲ್ಲ."

ಕರಿ ಕೋಟು

ಓದಿದೆ. ಮುದ್ದೆ ತಿರುವುತ್ತಾ ಓದಿದೆ, ಬಸ್ಸಲ್ಲಿ ನಿಂತುಕೊಂಡು ಓದಿದೆ. ಫಸ್ಟ್ ಕ್ಲಾಸಲ್ಲಿ ಪಾಸಾಗಿ, ಸನ್ನದು ಪಡೆದು, ಕರಿ ಕೋಟು ಹಾಕಿ ಮದ್ದೂರು ಕೋರ್ಟಿಗೆ ಹೋದೆ. ಬದುವಿನ ತಕರಾರು ಇನ್ನೂ ನಡೆಯುತ್ತಲೇ ಇತ್ತು, ಆದರೆ ಈಗ ನಮ್ಮ ಕಡೆಯ ವಕೀಲೆ ನಾನೇ. ಎದುರುಗಡೆಯವರ ಪರವಾಗಿ ಬಂದವರು ಯಾರು ಅಂದುಕೊಂಡಿರಿ? ಅವತ್ತು ನಾವು ಕೇಸು ಕೊಡದೆ ಎದ್ದುಬಂದಿದ್ದ ಅದೇ ವಕೀಲರು! ಈಗಲೂ ನನ್ನ ಕಡೆ ತಿರುಗಿ ನೋಡದೆ ನಮ್ಮ ಯಜಮಾನರ ಹತ್ತಿರ ಹೋಗಿ, "ರಾಜಿ ಮಾಡ್ಕೊಳ್ಳೋಣವಾ?" ಅಂತ ಮೆಲ್ಲಗೆ ಕೇಳಿದರು.

ನನ್ನ ಫೈಲು ಹಿಡಿದು ನಿಂತಿದ್ದ ಯಜಮಾನರು ಗಂಟಲು ಸರಿಮಾಡಿಕೊಂಡರು. "ಗಂಡಸರಿಗೆ ಇದೆಲ್ಲ ತಿಳಿಯಲ್ಲ ಸಾರ್. ಮೇಡಮ್ಮೋರನ್ನ ಕೇಳಿ."

ಬದು ನಮ್ಮದೇ ಅಂತ ತೀರ್ಮಾನವಾಯಿತು. ಆದರೂ ಅವತ್ತು ಯಜಮಾನರು ಆಡಿದ ಮಾತಿನ ಮುಂದೆ ನನಗೆ ಆ ಗೆಲುವು ಸಪ್ಪೆಯೇ.

ಅತ್ತೆಯ ಸಂದರ್ಶನ

ಅಷ್ಟಕ್ಕೇ ನಿಲ್ಲಲಿಲ್ಲ, ಎಲ್‌ಎಲ್‌ಎಂ ಮಾಡುವ ಆಸೆ ಹತ್ತಿತು. ಪ್ರವೇಶ ಪರೀಕ್ಷೆ ಬರೆದು ಪಾಸಾದೆ. ಸಂದರ್ಶನಕ್ಕೆ ಮೈಸೂರಿಗೆ ರೈಲು ಹತ್ತಿದಾಗ ಪಕ್ಕದಲ್ಲಿ ಅತ್ತೆ.

ಒಳಗೆ ಹಿರಿಯ ಪ್ರೊಫೆಸರೊಬ್ಬರು ಮತ್ತು ಒಬ್ಬ ಮೇಡಂ ಕೂತಿದ್ದರು. ಕಾನೂನಿನ ಪ್ರಶ್ನೆಗೆಲ್ಲ ಸಲೀಸಾಗಿ ಉತ್ತರ ಕೊಟ್ಟೆ. ಕೊನೆಗೆ ಪ್ರೊಫೆಸರರು ಅನುಮಾನ ತೆಗೆದರು. "ಸಂಸಾರಸ್ಥರು ನೀವು. ಎರಡು ವರ್ಷ ಓಡಾಡೋಕೆ ಮನೇಲಿ ಬಿಡ್ತಾರಾ? ಮಧ್ಯದಲ್ಲಿ ಬಿಟ್ಟುಹೋದ್ರೆ ಸೀಟು ವೇಸ್ಟು."

"ನಮ್ಮತ್ತೆ ಹೊರಗೇ ಇದಾರೆ, ಅವರನ್ನೇ ಕೇಳಿ ಸಾರ್" ಅಂದೆ.

ಅತ್ತೆ ಬಂದರು. ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು.

"ಏನಮ್ಮಾ, ಸೊಸೇನ ಓದಿಸ್ತೀರಾ?"

"ಅದಿರ್ಲಿ ಸ್ವಾಮಿ, ಮೊದ್ಲು ನೀವೇನ್ ಓದಿದ್ದೀರಿ?"

"ನಾನಾ? ಎಲ್‌ಎಲ್‌ಬಿ, ಎಲ್‌ಎಲ್‌ಎಂ, ಪಿಎಚ್‌ಡಿ."

"ಮನೇಲಿ ನಿಮ್ ಮಾತು ನಡೀತದಾ?"

ಪಕ್ಕದ ಮೇಡಂ ಪಕಪಕ ನಕ್ಕುಬಿಟ್ಟರು. ಪ್ರೊಫೆಸರರು ಒಂದು ಗಳಿಗೆ ಚಾವಣಿ ನೋಡಿ, "ಇಲ್ಲಮ್ಮ" ಅಂದರು.

ಅತ್ತೆಯ ಮುಖ ಅರಳಿತು. "ಅಂಗಾರೆ ಇವತ್ತೇ ಸೇರಿಸ್ಕಳಿ ಸ್ವಾಮಿ! ಎಲ್‌ಎಲ್‌ಬಿ ಆದ್ಮೇಲೆ ಮನೇಲಿ ಇವಳ ಮಾತೇ ನಡೀತಾ ಅದೆ. ಇದ್ನೂ ಓದ್ಲಿ, ಒಸಿ ಕಮ್ಮಿ ಆಯ್ತದೆ!"