ಆಷಾಢದ ಬಾಳೆಕಂದು

ಚನ್ನೇಶ ಜೆಸಿಬಿಗೆ ಗ್ರೀಸ್ ಹೊಡೆಯುತ್ತಿದ್ದಾಗ ಮಾವ ಅಡವಿಯಪ್ಪನ ಫೋನ್ ಬಂತು.

“ಅಳಿಯಂದ್ರೇ, ಮೋಡ ಕಟ್ಟೈತೆ. ಕೃಷಿಹೊಂಡ ಇವತ್ತೇ ತೋಡ್ಬೇಕು. ನೀವು ಬರ್ದಿದ್ರೆ ಕುಣಿಗಲ್ ಅಳಿಯನ್ನ ಕರೀತೀನಿ.”

ಕುಣಿಗಲ್‌ನ ಷಡ್ಡಕನ ಹತ್ತಿರವೂ ಒಂದು ಜೆಸಿಬಿ ಇತ್ತು. ಅವನ ಮುಂದೆ ತಲೆ ತಗ್ಗಿಸುವುದಕ್ಕಿಂತ ಆ ಹೊಂಡದಲ್ಲೇ ಮಣ್ಣಾಗುವುದು ಮೇಲು ಎಂದುಕೊಂಡ ಚನ್ನೇಶ.

ಕಷ್ಟ ಒಂದೇ. ಬೆಳ್ಳಾವಿಯ ಹೊಲಗಳಲ್ಲೇ ದುಡಿಯುತ್ತಿದ್ದ ಅವನ ಗಾಡಿಗೆ ನೋಂದಣಿ ಆಗಿರಲಿಲ್ಲ, ನಂಬರ್ ಪ್ಲೇಟೂ ಇರಲಿಲ್ಲ. ಮಾವನ ಹೊಲವೋ ಗುಬ್ಬಿಯಾಚೆ, ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಹತ್ತಿರ.

“ರೋಡಿಗಿಳೀದೆ ಹೋಗಕ್ಕೆ ಇದೇನು ಅಲ್ಲಿ ಮಾಡೋ ಹೆಲಿಕಾಪ್ಟರಾ?” ಎಂದಳು ಹೆಂಡತಿ ಸುಮನಾ. “ಹೊಲದ ಗಾಡಿಗೂ ನೋಂದಣಿ ಬೇಕಾ ಅಂತ ಆರ್‌ಟಿಒ ಆಫೀಸಿಗೆ ಯುಗಾದಿಲೇ ಕಾಗದ ಬರ್ದುಕೊಟ್ಟೆ. ಪೋಸ್ಟಿಗೆ ಹಾಕಿದ್ರಾ?”

“ಹಾಕ್ತೀನಿ ಬುಡೇ.” ಕಾಗದ ಗಾಡಿಯೊಳಗೆ ದೇವರ ಪಟದ ಹಿಂದೆ ಬೆಚ್ಚಗಿತ್ತು.

ಬೇಲಿಯಾಚೆಯಿಂದ ಪಕ್ಕದ ಮನೆ ಭೀಮರಾಜ್ ತಲೆ ಹಾಕಿದ. ಕರೆಯದೆ ಬರುವುದರಲ್ಲಿ ಅವನು ಸೊಳ್ಳೆಗೂ ಅಣ್ಣ.

“ನೋಂದಣಿ ಯಾಕ್ಲಾ? ಎತ್ತಿಗೆ ನಂಬರ್ ಐತಾ? ಬಾಳೆಕಂದು ಕಟ್ಟು, ಚೆಂಡುಹೂವ ಸುತ್ತು. ಪೂಜೆ ಗಾಡಿ, ಪ್ಲೇಟು ಹೂವಿನ ಹಿಂದೈತೆ ಅನ್ಕೋತಾರೆ. ದೇವ್ರ ಹೂ ಕೀಳೋ ಧೈರ್ಯ ಯಾವ ಆಫೀಸರ್‌ಗೂ ಇಲ್ಲ ಕಣೋ!”

“ಆಷಾಢದಲ್ಲಿ ಯಾರಣ್ಣ ಗಾಡಿ ಪೂಜೆ ಮಾಡ್ತಾರೆ?” ಎಂಬ ಸುಮನಾಳ ಮಾತು ಗ್ರೀಸ್ ಡಬ್ಬಿಯ ಜೊತೆ ಮೂಲೆ ಸೇರಿತು.

ಮದುವಣಗಿತ್ತಿಯಂತೆ ಸಿಂಗಾರಗೊಂಡ ಜೆಸಿಬಿ ರಸ್ತೆಗಿಳಿಯಿತು. ಬಾಳೆಯೆಲೆಯ ಆಸೆಗೆ ಮೇಕೆಗಳು ಬೆನ್ನುಹತ್ತಿದವು. ಮೇಕೆಗಳ ಹಿಂದೆ ಪುಟ್ಟಗಂಗಮ್ಮ, “ನಿಲ್ಸೋ ಚನ್ನೇಶ, ನನ್ ಮೇಕೆ ನಿನ್ ದಿಬ್ಬಣಕ್ಕೆ ಹೊಂಟವೆ!” ಎಂದು ಕೂಗುತ್ತ ಓಡಿದಳು. ಬಸ್‌ಸ್ಟಾಪಿನಲ್ಲಿದ್ದವರು “ಆಷಾಢದಲ್ಲಿ ಏನ್ಲಾ ಇದು?” ಎಂದು ಫೋಟೊ ತೆಗೆದರು. ಯಾರ ಕಣ್ಣಿಗೂ ಬೀಳಬಾರದೆಂದು ಹೊರಟವನನ್ನು ನೋಡದವರೇ ಉಳಿಯಲಿಲ್ಲ.

ಗುಬ್ಬಿ ದಾಟುತ್ತಲೇ ಖಾಕಿಯವರೊಬ್ಬರು ಕೈ ಅಡ್ಡ ಹಾಕಿದರು. ಆರ್‌ಟಿಒ ಇನ್ಸ್‌ಪೆಕ್ಟರ್! ಚನ್ನೇಶನ ಜೀವ ಬಕೆಟ್ಟಿಗಿಳಿಯಿತು.

“ದೇವರು ಕಳಿಸಿದ ಹಾಗೆ ಬಂದ್ರಿ ಕಣ್ರೀ. ನಮ್ಮ ಜೀಪು ಚರಂಡಿಗಿಳಿದುಬಿಟ್ಟಿದೆ. ಸ್ವಲ್ಪ ಎತ್ತಿಕೊಡಿ.”

ಚನ್ನೇಶ ತೊಟ್ಟಿಲಿನ ಕೂಸನ್ನೆತ್ತುವಂತೆ ಜೀಪನ್ನು ಎತ್ತಿ ರಸ್ತೆಯ ಮೇಲಿಟ್ಟ. ಸುಮ್ಮನೆ ಹೊರಟಿದ್ದರೆ ಆಗಿತ್ತು. “ಇನ್ನೇನಾರ ಸೇವೆ ಇದ್ರೆ ಹೇಳಿ ಸಾರ್” ಎಂದು ಹಲ್ಲುಕಿರಿದ.

“ನಿಮ್ಮಂಥೋರಿಗೆ ಸನ್ಮಾನ ಮಾಡಿಸ್ಬೇಕು. ಸಾಹೇಬರಿಗೆ ಹೇಳ್ತೀನಿ, ಗಾಡಿ ನಂಬರ್ ಕೊಡಿ. ಇರ್ಲಿ, ನಾನೇ ನೋಡ್ಕೋತೀನಿ.”

ಇನ್ಸ್‌ಪೆಕ್ಟರು ಬೂಟು ಬಿಚ್ಚಿದರು, ಕೈ ಮುಗಿದರು, ಭಕ್ತಿಯಿಂದ ಹೂವು ಸರಿಸಿದರು. ಒಳಗೆ ಹಳದಿ ತಗಡು ಬಿಟ್ಟರೆ ಏನೂ ಇರಲಿಲ್ಲ.

“ಹೊಲದ ಗಾಡಿ ಸಾರ್…”

“ಇದು ಹೊಲವೇನ್ರೀ? ರೋಡಿಗೆ ಬಂದ್ಮೇಲೆ ನೋಂದಣಿ ಬೇಕೇ ಬೇಕು. ಆಗೋ ತನಕ ಇದು ಇಲ್ಲಿಂದ ಅಲ್ಲಾಡಂಗಿಲ್ಲ.”

“ಗೊತ್ತಿರ್ಲಿಲ್ಲ ಸಾರ್! ಅದನ್ನೇ ಕೇಳಿ ಕಾಗದಾನೂ ಬರ್ದಿದೀವಿ!” ಚನ್ನೇಶ ಪಟದ ಹಿಂದಿನಿಂದ ಅದನ್ನು ತೆಗೆದುಕೊಟ್ಟ.

ಇನ್ಸ್‌ಪೆಕ್ಟರು ನಿಧಾನವಾಗಿ ಓದಿದರು. “ಉತ್ತರ ಈಗ್ಲೇ ಹೇಳಾಯ್ತು. ಆದ್ರೂ ಆಫೀಸಿಗೆ ಬರೆದದ್ದು ಆಫೀಸಿಗೇ ಸೇರ್ಬೇಕು, ಕೊಡಿ.”

ಅಷ್ಟರಲ್ಲಿ, ಕಾದು ಸಾಕಾಗಿ ಮಾವ ಕರೆಸಿದ್ದ ಷಡ್ಡಕನ ಜೆಸಿಬಿ ಮುಂದೆ ಹಿಂದೆ ನಂಬರ್ ಪ್ಲೇಟು ಹೊಳೆಸುತ್ತ, ಹಾರ್ನ್ ಹೊಡೆಯುತ್ತ ಮಾವನ ಹೊಲದ ಕಡೆ ಹೋಯಿತು. ಯುಗಾದಿಯಿಂದ ಕೂತಿದ್ದ ಕಾಗದ, ಚನ್ನೇಶ ಚರಂಡಿಯಿಂದ ಎತ್ತಿಕೊಟ್ಟ ಜೀಪನ್ನೇ ಹತ್ತಿ ತುಮಕೂರಿನ ಆರ್‌ಟಿಒ ಆಫೀಸಿಗೆ ಹೊರಟಿತು.