ಪಲೋಮೊನ ಉಪವಾಸ

ತನ್ನ ಮಾತೆಂದರೆ ವಾಲ್ಪರೈಸೊ ಊರಿನ ಗುಡ್ಡದ ಮೇಲಿನ ಮೆಟ್ಟಿಲು ಬೀದಿಗೆಲ್ಲ ವೇದವಾಕ್ಯ ಎಂದು ಬೀದಿ ಸಮಿತಿಯ ಅಧ್ಯಕ್ಷ ದೋನ್ ಎಲಿಸೆಯೊ ನಂಬಿದ್ದ. ಹಾಗೆ ನಂಬಿದ್ದವನು ಅವನೊಬ್ಬನೇ.

ಬೀದಿಗೆಲ್ಲ ಸೇರಿ ಇದ್ದದ್ದು ಒಂದೇ ನಾಯಿ, ಪಲೋಮೊ. ಮಲಗುವುದು ಎಲಿಸೆಯೊನ ಬಾಗಿಲಲ್ಲಿ, ಉಣ್ಣುವುದು ಮನೆಮನೆಯಲ್ಲಿ. ಈಗ ಅದರ ಹೊಟ್ಟೆಯಡಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತ್ತು. ಬೇಗ ತೆಗೆಯದಿದ್ದರೆ ನಾಯಿ ಉಳಿಯುವುದಿಲ್ಲ ಎಂದಿದ್ದಳು ಡಾಕ್ಟರಮ್ಮ. ಕಾದು ಕಾದು ಆಪರೇಷನ್ನಿನ ಸರದಿ ಸಿಕ್ಕಿತ್ತು. ಕಟ್ಟಪ್ಪಣೆ ಒಂದೇ: ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು.

"ಇಡೀ ಬೀದಿಗೆ ಹೇಳಿ ಬರ್ತೀನಿ. ನನ್ನ ಮಾತು ಮೀರೋರು ಯಾರಿದ್ದಾರೆ?"

"ಯಾರಿಗೂ ಹೇಳ್ಬೇಡ," ಎಂದಳು ಹೆಂಡತಿ ಗ್ಲಾದಿಸ್. "ಸುಮ್ನೆ ಒಳಗೆ ಕೂಡಿಹಾಕು."

ಅಧ್ಯಕ್ಷನಾದವನು ಸುಮ್ಮನಿರುವುದುಂಟೆ? ನಾಳೆ ಪಲೋಮೊಗೆ ಆಪರೇಷನ್, ಯಾರೂ ಒಂದು ತುತ್ತೂ ಹಾಕಕೂಡದು ಎಂದು ಮೆಟ್ಟಿಲು ಹತ್ತಿ ಇಳಿದು ಸಾರಿದ.

ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋಗದ ಜನ ಅವರು. ಕತ್ತಲಾಗುತ್ತಲೇ ಬಾಗಿಲಲ್ಲಿ ಸಾಲು ನಿಂತಿತು. "ಪಾಪ, ಬದುಕುತ್ತೋ ಇಲ್ವೋ. ಮುಖ ನೋಡ್ಕೊಂಡು ಹೋಗ್ತೀವಿ." ಎಲಿಸೆಯೊ ಗತ್ತಿನಿಂದ ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಅವರ ಜೇಬು ತಡಕುವ ಬುದ್ಧಿ ಅವನಿಗೆ ಹೊಳೆಯಲಿಲ್ಲ.

ಬೆಳಗ್ಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಮೊದಲ ಸೂಜಿ ಚುಚ್ಚಿದ್ದೇ ತಡ, ಪಲೋಮೊ ಮೇಜಿನ ಮೇಲೆಲ್ಲ ಕಕ್ಕಿತು. ವಿಧವೆ ಬೆನಿಲ್ದೆ ಕರಿದು ಮಾರುವ ಕುಂಬಳದ ರೊಟ್ಟಿ, ಬೆಸ್ತ ರಿಗೊನ ಮನೆಯ ಮೀನಿನ ತಲೆ, ಯಾರದೋ ಸಾರಿನ ಜೋಳದ ತುಂಡು, ಆಡಿನ ಹಾಲಿನ ಚೀಸಿನ ಚೂರು. ಬೀದಿಯ ಅಡುಗೆಮನೆಗಳೆಲ್ಲ ಅಲ್ಲಿ ಹಾಜರಿದ್ದವು.

"ಉಪವಾಸ ಅಂದ್ರಲ್ಲ, ದೋನ್ ಎಲಿಸೆಯೊ? ಪೂರ್ತಿ ಮಂಪರಲ್ಲಿ ಹೀಗಾಗಿದ್ರೆ ಕಕ್ಕಿದ್ದೆಲ್ಲ ಶ್ವಾಸಕೋಶಕ್ಕಿಳಿದು ಇಲ್ಲೇ ಸಾಯ್ತಿತ್ತು. ಇವತ್ತಾಗಲ್ಲ. ಮುಂದಿನ ತಿಂಗಳು ನೋಡೋಣ."

"ಅಲ್ಲೀವರೆಗೆ ಗಡ್ಡೆ?"

"ಅದು ಸರದಿ ಕಾಯಲ್ಲ," ಎಂದಳು ಡಾಕ್ಟರಮ್ಮ.

ಎಲಿಸೆಯೊ ಮತ್ತಿನಲ್ಲಿದ್ದ ನಾಯಿಯನ್ನು ಹೊತ್ತು ಬಂದು, ಬೀದಿಯ ನಡುವೆ ನಿಂತು ಕೂಗಾಡಿದ.

"ಯಾರೂ ಹಾಕಲ್ಲ ಅಂದ್ಮೇಲೆ, ನಾನೊಬ್ಳು ಒಂದೇ ಒಂದು ಕೊಟ್ರೆ ಏನಾಗುತ್ತೆ ಅಂದ್ಕೊಂಡೆ," ಎಂದಳು ಬೆನಿಲ್ದೆ.

"ನಾನೂ ಹಾಗೇ ಅಂದ್ಕೊಂಡೆ," ಎಂದ ರಿಗೊ.

"ಆ ಆಡಿನ ಹಾಲಿನ ಚೀಸು?" ಎಂದು ಆಸ್ಪತ್ರೆಗೂ ಜೊತೆಗೆ ಹೋಗಿದ್ದ ಗ್ಲಾದಿಸ್ ಗಂಡನ ಕಡೆ ತಿರುಗಿದಳು. "ಈ ಬೀದೀಲಿ ಅದನ್ನ ತರೋರು ನಾವೊಬ್ರೇ."

"ನನ್ನನ್ನೇ ನೋಡ್ತಾ ಕೂತಿತ್ತು ಕಣೇ," ಎಂದ ಅಧ್ಯಕ್ಷ, ಕಣ್ಣೊರೆಸಿಕೊಳ್ಳುತ್ತ. "ಮುಂದಿನ ಸಲ ಏನ್ಮಾಡೋದು?"

"ಆಪರೇಷನ್ ನಿನಗೇ ಅಂತ ಸಾರಿಬಿಡ್ತೀನಿ," ಎಂದಳು ಗ್ಲಾದಿಸ್. "ತಿಂಡಿ ಹಿಡ್ಕೊಂಡು ಒಂದು ನರಪಿಳ್ಳೆನೂ ಈ ಕಡೆ ಸುಳಿಯಲ್ಲ."